ದಾನಿ ಹದಿನೇಳು

ಶ್ರೀರಾಮಪುರದ ನಮ್ಮ ವಠಾರದಲ್ಲಿ ಆ ವರ್ಷ
ಏಳು ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದಿದ್ದರು: ನಾಳೆ ಬಾ.
ರಾತ್ರಿ ಬರುತ್ತಾಳಂತೆ,
ನಿನ್ನವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳಂತೆ,
ಓ ಅಂದರೆ ಮುಗಿಯಿತು.
ಅಕ್ಷರ ಬಲ್ಲ ದೆವ್ವ. ಓದಿಕೊಂಡು ಹಿಂದಿರುಗುತ್ತಾಳೆ,
ಮರುರಾತ್ರಿ ಬಂದು ಮತ್ತೆ ಅದನ್ನೇ ಓದುತ್ತಾಳೆ.
ನನಗೆ ಎಂಟು ವರ್ಷ. ಭಯ ದೆವ್ವದ್ದಲ್ಲ,
ನನ್ನ ಬಾಯಿಯದು.
ಯಾರು ಕರೆದರೂ ಓ ಅಂದುಬಿಡುವ ಹಾಳು ಅಭ್ಯಾಸ.

ಈಗ ಹೆಬ್ಬಾಳದ ಆಚೆ, ಮೂರನೇ ಮಹಡಿಯಲ್ಲಿ
ಸಂಬಳ ಬರುವುದೇ ಅದಕ್ಕೆ:
ಕೋಶಗಳಲ್ಲಿ ಯಾರು ಕರೆದರು, ಯಾರು ಓಗೊಟ್ಟರು,
ಎಷ್ಟು ಹೊತ್ತಿಗೆ ಸುಮ್ಮನಾದರು.
ಅನುದಾನದ ಅರ್ಜಿಯಲ್ಲಿ ಇದನ್ನೇ
ಹನ್ನೆರಡು ಪುಟ ಬರೆದಿದ್ದೇನೆ.

ದಾನಿ ಹದಿನೇಳು. ಗಂಡಸು. ಐವತ್ತೆರಡು.
ಪೀಣ್ಯದಲ್ಲಿ ನಿಕಲ್ ಲೇಪನದ ಕೆಲಸ. ದಿನಕ್ಕೆ ಎರಡು ಕಟ್ಟು ಬೀಡಿ.
ಹೆಸರಿನ ಜಾಗದಲ್ಲಿ ಕಪ್ಪು ಗೀರು.
ಗಡ್ಡೆಯ ಚೂರು ಒಂದು ಡಬ್ಬಿಯಲ್ಲಿ,
ಪಕ್ಕದ ಒಳ್ಳೆಯ ಶ್ವಾಸನಾಳದ ಚೂರು ಇನ್ನೊಂದರಲ್ಲಿ,
ಎರಡೂ ಒಂದೇ ಆಟೋದಲ್ಲಿ ಬಂದವು.
ಮೇಖ್ರಿ ಸರ್ಕಲ್ಲಿನಲ್ಲಿ ಇಪ್ಪತ್ತು ನಿಮಿಷ ನಿಂತಿತ್ತಂತೆ;
ಕರಗಿದ ಐಸು ನೋಡಿ ಲೇಪಾಕ್ಷಿಯ ಕಣ್ಣಲ್ಲಿ ನೀರು.

ಗಡ್ಡೆಯ ಕೋಶಗಳದ್ದು ತಕರಾರಿಲ್ಲ.
ಪ್ಲಾಸ್ಟಿಕ್ ತಟ್ಟೆಯಾದರೂ ಸರಿ, ತಂಗಳಾದರೂ ಸರಿ,
ನಾಲ್ಕು ದಿನದಲ್ಲಿ ಅಂಚಿನ ತನಕ
ಸೈಟು ಹಿಡಿದು, ರಸ್ತೆಗೆ ಜಾಗ ಬಿಡದೆ ಕಟ್ಟಿಬಿಡುತ್ತವೆ.
ಒಂದೇ ಒಂದು ಅಕ್ಷರ ತಪ್ಪಿದೆ;
ಕರೆಗಂಟೆಯ ಗುಂಡಿ ಒಳಗೇ ಸಿಕ್ಕಿಕೊಂಡಿದೆ.
ಯಾರೂ ಕರೆದಿಲ್ಲ, ಆದರೂ
ಓ, ಓ, ಓ.
ನಾವು ಹುಯ್ಯುವ ಮದ್ದು ಆ ಬಾಗಿಲಿಗೊಂದು
ನಾಳೆ ಬಾ.
(ಹೋಲಿಕೆ ಇಲ್ಲಿಗೇ ಮುರಿಯುತ್ತದೆ, ಗೊತ್ತು.
ದೆವ್ವ ಹೊರಗಿಲ್ಲ; ಕೂಗು ಮನೆಯವರದೇ.)
ಆರು ವಾರ ಓದಿಕೊಂಡು ಮರ್ಯಾದೆಯಿಂದ ಇದ್ದವು.
ಏಳನೇ ವಾರ ಗೋಡೆಯಲ್ಲಿ ಬೇರೆ ಬಾಗಿಲು ಕೊರೆದಿದ್ದವು.
ಬ್ಲಾಟಿನ ಮೇಲೆ ಮತ್ತೆ ಮೂಡಿದ ಆ ಕಪ್ಪು ಪಟ್ಟಿಯನ್ನು
ನಾನು ಮೂರು ಸಲ ನೋಡಿದೆ, ಲೇಪಾಕ್ಷಿ ನಾಲ್ಕು ಸಲ.
ಕೊನೆಗೆ ಅವಳೇ ಅಂದಳು,
"ಮೇಡಂ, ಮೊದಲು ಏನಾದರೂ ತಿನ್ನೋಣ."

ಒಳ್ಳೆಯ ಚೂರಿನದು ಬೇರೆ ಥರದ ಹಟ.
ಕೆಳಗೆ ಗುಲಾಬಿ ರಸ, ಮೇಲೆ ಬರಿಗಾಳಿ,
ನಡುವೆ ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾದ ಪೊರೆ.
ದಿನ ಬಿಟ್ಟು ದಿನ ರಸ ಬದಲಿಸಬೇಕು,
ಹಬ್ಬವಿರಲಿ, ಬಂದ್ ಇರಲಿ.
ಬಂದ್ ದಿನ ಮೇಲ್ಸೇತುವೆಯ ಮೇಲೆ ನಡೆದೇ ಬಂದೆ.
ಇಡೀ ಹೆಬ್ಬಾಳ ಕೆಮ್ಮು ನಿಂತ ಮಗುವಿನ ಹಾಗೆ ಮಲಗಿತ್ತು,
ಕೆರೆಯಲ್ಲಿ ಎರಡು ಹೆಜ್ಜಾರ್ಲೆ.

ಹದಿನೆಂಟನೇ ದಿನ: ಏನಿಲ್ಲ.
ಇಪ್ಪತ್ತೆರಡು: ಏನಿಲ್ಲ, ಅಥವಾ ನನ್ನ ಕಣ್ಣೇ ಸರಿಯಿಲ್ಲ.
ಇಪ್ಪತ್ತಾರನೇ ದಿನ ಮಸೂರದಡಿ ಏನೋ ಮಿಣುಗಿತು.
ಕೂದಲಿಗಿಂತ ಎಷ್ಟೋ ಸಣ್ಣ ಕೂದಲುಗಳು
ಸೆಕೆಂಡಿಗೆ ಹತ್ತು ಸಲ, ಎಲ್ಲ ಒಂದೇ ದಿಕ್ಕಿಗೆ
ಗುಡಿಸುತ್ತಿದ್ದವು.
ಎದೆಯಿಲ್ಲ, ಗಂಟಲಿಲ್ಲ, ಕೆಮ್ಮಲು ಯಾರೂ ಇಲ್ಲ,
ಆದರೂ ಮೇಲಕ್ಕೆ, ಹೊರಕ್ಕೆ,
ನಸುಕಿನ ಪೌರಕಾರ್ಮಿಕರು
ಮುಚ್ಚಿದ ಅಂಗಡಿಗಳ ಮುಂದೆ ಗುಡಿಸುವ ಹಾಗೆ.

ಸೂಜಿಯಿಂದ ಒಂದು ಗೀರು ಎಳೆದೆ.
ಅಂಚಿನವು ಒಂದನ್ನೊಂದು ಕರೆದವು, ಸರಿದು ಬಂದವು,
ಮಧ್ಯಾಹ್ನದ ಹೊತ್ತಿಗೆ ಗಾಯ ಕೂಡಿತು.
ಆಮೇಲೆ ಸುಮ್ಮನಾದವು.
ನನಗೆ ಬೇಕಿರುವುದು ಅದರ ಲೆಕ್ಕ, ಆ ಸುಮ್ಮನಾಗುವುದರದು.
ಓ ಅಂದಮೇಲೆ ಬಾಯಿ ಮುಚ್ಚುವುದನ್ನು
ಇವು ಎಲ್ಲಿ ಕಲಿತವು?

ಆ ವಾರವೇ ಆಸ್ಪತ್ರೆಯಿಂದ ಒಂದು ಸಾಲು:
ದಾನಿ ಹದಿನೇಳರ ಮುಂದಿನ ತಪಾಸಣೆ ಇರುವುದಿಲ್ಲ.
ನಾನು ಮತ್ತೆ ಹೋಗಿ ಮಸೂರಕ್ಕೆ ಕಣ್ಣಿಟ್ಟೆ. ಗುಡಿಸುತ್ತಲೇ ಇದ್ದವು.
ಹೆಸರು ಗೊತ್ತಿದ್ದಿದ್ದರೆ ಕರೆಯುತ್ತಿದ್ದೆನೇನೋ.
ಇನ್‌ಕ್ಯುಬೇಟರಿನ ಬಾಗಿಲು ಒತ್ತಿದೆ. ಮೂವತ್ತೇಳು ಡಿಗ್ರಿ.
ಬಾಗಿಲ ಮೇಲೆ ಲೇಪಾಕ್ಷಿಯ ಹಳದಿ ಚೀಟಿ:
ನಾಳೆ ರಸ ಬದಲಿಸಬೇಕು. ಮರೀಬೇಡಿ.